ಇಪ್ಪತ್ತೈದು ನಿಮಿಷ ತಡ

ಫೆಬ್ರವರಿ 4, ಮಂಗಳವಾರ

ಟೀಚರುಗಳ ತರಬೇತಿಗೆ ನಲವತ್ತು ಜನರಿಗೆ ಕರೆ ಹೋಗಿತ್ತು. ಬಂದವರು ಹನ್ನೊಂದು. ಆ ಹನ್ನೊಂದರಲ್ಲಿ ಇಬ್ಬರು ಊಟದ ಹೊತ್ತಿಗೆ ಬಂದು, ಕೈ ತೊಳೆದುಕೊಂಡು, ಹಾಗೇ ಹೋದರು. ಇನ್ನೊಬ್ಬರು ಟೀಚರೇ ಅಲ್ಲ. ಪಕ್ಕದ ಕೋಣೆಯಲ್ಲಿ ಯಾವುದೋ ಅರ್ಜಿಗೆ ಸಹಿ ಹಾಕಿಸಲು ಬಂದವರು, ಇಲ್ಲಿ ಫ್ಯಾನ್ ಇದೆ ಎಂದು ಕೂತಿದ್ದರು. ನನ್ನ ಮಾತನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದವರು ಅವರೇ.

ಮೂರು ವಾರ ಕೂತು ಕತ್ತರಿಸಿದ ಅಕ್ಷರದ ಕಾರ್ಡುಗಳೆಲ್ಲ ಬೀರುವಿನಲ್ಲಿ. ಬೀರುವಿನ ಕೀಲಿ ಗುಮಾಸ್ತನ ಹತ್ತಿರ. ಗುಮಾಸ್ತ ರಜೆ. ಸಂಯೋಜಕನಿಗೆ ಫೋನ್ ಮಾಡಿದೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡ ಸಂಸ್ಥೆಗೆ ಈ ಊರಿನಲ್ಲಿ ಅವನೇ ದಿಕ್ಕು. ಯಾವುದಕ್ಕೂ ಇಲ್ಲ ಎನ್ನುವುದಿಲ್ಲ, "ಆಮೇಲೆ ನೋಡೋಣ" ಎನ್ನುತ್ತಾನೆ. ಆದ್ದರಿಂದ ನಾನು ಅವನಿಗೆ ಆಮೇಲಪ್ಪ ಎಂದು ಹೆಸರಿಟ್ಟಿದ್ದೇನೆ. ಇವತ್ತೂ ಅದನ್ನೇ ಅಂದ.

ಇಪ್ಪತ್ತೇಳು ವರ್ಷ ಪ್ರಾಥಮಿಕ ಶಾಲೆಯ ಕೆಲಸ, ಅದರಲ್ಲಿ ಕೊನೆಯ ಎಂಟು ವರ್ಷ ಟೀಚರುಗಳಿಗೇ ಪಾಠ ಹೇಳಿಕೊಟ್ಟದ್ದು. ಸ್ವಯಂ ನಿವೃತ್ತಿ ತೆಗೆದುಕೊಂಡು, ಸಂಬಳವಿಲ್ಲದೆ, ದೇಶ ಬಿಟ್ಟು ದೇಶಕ್ಕೆ ಬಂದಿದ್ದೇನೆ. ಬಂದು ಬೀಗ ಹಾಕಿದ ಬೀರುವಿನ ಮುಂದೆ ನಿಂತು ಕೈ ಹಿಸುಕಿಕೊಳ್ಳುವ ಯೋಗ ನನ್ನದು.

ಸಂಜೆ ಇವರಿಗೆ ಫೋನ್ ಮಾಡಿ ಅರ್ಧ ಗಂಟೆ ಕೂಗಾಡಿದೆ. ನನ್ನ ಗಂಡನಿಗೆ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಬೈಗುಳ ಕೇಳಿ ಅಭ್ಯಾಸ. "ನೋಡೇ, ಒಂದು ನೋಟ್‌ಬುಕ್ ತಗೋ. ಬಂದ ಸಿಟ್ಟೆಲ್ಲ ಅದರಲ್ಲಿ ಬರಿ. ಉಳಿದದ್ದು ಏನಾದ್ರೂ ಇದ್ರೆ ಭಾನುವಾರ ನನಗೆ ಹೇಳು" ಎಂದರು.

ಹಾಗಾಗಿ ಈ ಪುಸ್ತಕ. ಇಲ್ಲಿನವರ ಮಾತನ್ನೂ ನನ್ನ ಭಾಷೆಯಲ್ಲೇ ಬರೆದುಕೊಳ್ಳುತ್ತೇನೆ. ಎಂಟು ತಿಂಗಳಲ್ಲಿ ಅವರ ಭಾಷೆ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ಫೆಬ್ರವರಿ 9, ಭಾನುವಾರ

ಉಳಿದದ್ದು ಬಹಳ ಇತ್ತು. ಎಲ್ಲವನ್ನೂ ಇವರಿಗೆ ಹೇಳಿದೆ. ಈ ಜನಕ್ಕೆ ಹೊತ್ತಿನ ಬೆಲೆ ಗೊತ್ತಿಲ್ಲ, ಕಲಿಯುವ ಆಸೆ ಇಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಗಿದೆ ಎಂದೆ. ಇವರು, "ನಿನ್ನ ಸಿಟ್ಟು ರಫ್ತಾದ ಮೇಲೆ ಇಲ್ಲಿ ಹಾಲು ಕೂಡ ಉಕ್ಕೋದು ಬಿಟ್ಟಿದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೆಳಗಿನ ಮನೆಯ ಒಡತಿ ಬಟ್ಟೆ ಹೊಲಿಯುವವಳು. ಮೆಟ್ಟಿಲ ಮೇಲೆ ನನ್ನ ಕೂಗಾಟ ಕೇಳಿಸಿಕೊಂಡಳೋ ಏನೋ, ನನ್ನನ್ನು ತಡೆದು, ನಿಜ ಹೇಳಿ, ಮನೆಯಲ್ಲಿ ಜಗಳ ಆಡಿಕೊಂಡೇ ಬಂದಿರಾ, ಸಂಬಳವಿಲ್ಲದ ಕೆಲಸಕ್ಕೆ ಯಾರು ಇಷ್ಟು ದೂರ ಬರುತ್ತಾರೆ ಎಂದು ಕೇಳಿದಳು. ಸೇವೆ ಎಂದೆ. ಆ ಪದ ಅವಳಿಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ.

ಫೆಬ್ರವರಿ 13, ಗುರುವಾರ

ಈ ತಿಂಗಳಿಂದ ಶಾಲೆಗಳಿಗೆ ಹೋಗಿ ಪಾಠ ನೋಡುವ ಕೆಲಸ. ಹಿಂದಿನ ಬೆಂಚಿನಲ್ಲಿ ಕೂತು ಒಂದು ನಮೂನೆ ತುಂಬಬೇಕು. ಹತ್ತು ಅಂಶ, ಒಂದೊಂದಕ್ಕೂ ಐದಕ್ಕೆ ಇಷ್ಟು ಅಂತ ಅಂಕ, ಕೊನೆಗೆ ನಾಲ್ಕು ಸಾಲಿನ ಅಭಿಪ್ರಾಯ.

ಇವತ್ತಿನ ಶಾಲೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಹಿಂದೆ. ಎಂಟಕ್ಕೆ ಗಂಟೆ ಹೊಡೆಯಿತು. ಎರಡನೇ ತರಗತಿಯ ಕೋಣೆಯಲ್ಲಿ ನಾನು ಮತ್ತು ಒಂದು ಬೆಕ್ಕು. ಎಂಟೂ ಇಪ್ಪತ್ತೈದಕ್ಕೆ ಟೀಚರ್ ಬಂದರು, ಹಿಂದೆ ಮಕ್ಕಳ ದಂಡು. ಮೂವತ್ತೈದರ ಹೆಂಗಸು, ಕಾಲಿನಲ್ಲಿ ಧೂಳು ತುಂಬಿದ ಚಪ್ಪಲಿ, ಕೈಯಲ್ಲಿ ನನ್ನ ಎದೆಯೆತ್ತರದ ಕೋಲು. ಕೋಲು! ಮಕ್ಕಳ ಮುಂದೆ ಕೋಲು ಹಿಡಿಯಬಾರದು ಎಂದು ನಾನು ಎರಡು ಇಡೀ ದಿನ ಹೇಳಿಕೊಟ್ಟ ಮೇಲೂ!

ತಡವಾದದ್ದಕ್ಕೆ ಕ್ಷಮೆ ಇಲ್ಲ, ವಿವರಣೆ ಇಲ್ಲ. ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ ಪಾಠಕ್ಕೆ ನಿಂತೇಬಿಟ್ಟರು. ಪಾಠವೆಂದರೇನು, ಗಂಟಲು ಹರಿಯುವ ಹಾಗೆ ಒಂದೊಂದು ವಾಕ್ಯ ಹೇಳುವುದು, ಮಕ್ಕಳು ಅದನ್ನೇ ಕಿರುಚುವುದು. ನನ್ನ ಮನಸ್ಸಿನಲ್ಲಿ ಅವರಿಗೆ ಅಲ್ಲೇ ಹೆಸರು ಬಿತ್ತು, ಬಡಬಡಿ ಟೀಚರ್. ಮೂರು ಗಂಟೆಯಲ್ಲಿ ಹಲಗೆಯ ಮೇಲೆ ಬರೆದದ್ದು ದಿನಾಂಕ ಒಂದೇ. ಹಾಜರಿ ಪುಸ್ತಕದಲ್ಲಿ ಅರವತ್ತೊಂಬತ್ತು ಹೆಸರು, ಕೋಣೆಯಲ್ಲಿ ಎಂಬತ್ತನಾಲ್ಕು ತಲೆ. ಹದಿನೈದು ಮಕ್ಕಳು ಇನ್ನೂ ಶಾಲೆಗೆ ಸೇರುವ ವಯಸ್ಸಿನವೇ ಅಲ್ಲ. ಒಂದಂತೂ ಪಾಠದ ನಡುವೆ ಮೂತ್ರ ಮಾಡಿಕೊಂಡಿತು. ಒಬ್ಬಳು ಏಳು ವರ್ಷದ ಹುಡುಗಿ ತನ್ನ ಪುಸ್ತಕ ಎತ್ತಿಕೊಂಡಷ್ಟೇ ಸಲೀಸಾಗಿ ಅದನ್ನು ಎತ್ತಿಕೊಂಡು ಹೊರಗೆ ಹೋಗಿ ತೊಳೆಸಿಕೊಂಡು ಬಂದಳು. ಯಾರೂ ತಲೆ ಎತ್ತಲಿಲ್ಲ.

ನನಗೆ ಕೂತಲ್ಲೇ ಮೈ ಉರಿಯಿತು. ಬರೆಯುವ ಪೆನ್ನು ಕಾಗದವನ್ನು ಹರಿಯಿತು. ಪಾಠ ಮುಗಿದಾಗ ಅವರು ನನ್ನ ಕಡೆ ಒಂದು ಸಲ ನೋಡಿದರು. ನಾನು ನಮೂನೆ ಮಡಿಚಿ ಎದ್ದು ಬಂದೆ.

ಫೆಬ್ರವರಿ 14, ಶುಕ್ರವಾರ

ಐವತ್ತಕ್ಕೆ ಹನ್ನೊಂದು. ನನ್ನ ಜೀವಮಾನದಲ್ಲಿ ಯಾವ ಟೀಚರಿಗೂ ಇಷ್ಟು ಕಡಿಮೆ ಕೊಟ್ಟಿಲ್ಲ. ಕೊನೆಗೆ ಹೀಗೆ ಬರೆದೆ: "ಇಪ್ಪತ್ತೈದು ನಿಮಿಷ ತಡ. ಪಾಠದ ಸಿದ್ಧತೆ ಇಲ್ಲ. ಕೋಲು ತರುತ್ತಾರೆ. ವಯಸ್ಸಿಗೆ ಬಾರದ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ, ಅದು ನಿಲ್ಲಬೇಕು. ಬದಲಾಗುವ ಮನಸ್ಸಿಲ್ಲದವರು."

ಆಮೇಲಪ್ಪ ಓದಿ, ಬಹಳ ಸ್ಪಷ್ಟವಾಗಿದೆ ಎಂದ. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಕಡತದಲ್ಲಿ ಇಡುತ್ತೇವೆ, ಅಷ್ಟೇ ಎಂದ. ಎಲ್ಲ ಕಡತದಲ್ಲಿ ಇಡುವುದಕ್ಕಾದರೆ ನಾನೇಕೆ ಬಿಸಿಲಲ್ಲಿ ಅಲೆಯಬೇಕು? ಯಾರಾದರೂ ಏನಾದರೂ ಮಾಡಬಾರದೇ ಎಂದು ಅವನ ಮೇಜು ಗುದ್ದಿ ಬಂದೆ.

ಮಾರ್ಚ್ 3, ಸೋಮವಾರ

ಕೊನೆಗೂ ಒಂದು ಒಳ್ಳೆಯ ದಿನ. ಈಗಷ್ಟೇ ಓದು ಮುಗಿಸಿದ ಹೊಸ ಮೇಷ್ಟ್ರು ಒಬ್ಬರು ತರಬೇತಿಗೆ ಬರುತ್ತಿದ್ದಾರೆ. ಎಂಟು ದಿನವೂ ಐದು ನಿಮಿಷ ಮುಂಚೆ. ಕಾರ್ಡುಗಳನ್ನು ತಾವೇ ಬರೆದು, ಬಣ್ಣ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಹೇಗೆ ಓದಿಸಬೇಕು ಎಂದು ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವರೇ ಹೇಳಿದರು. ಇಂಥವರು ಇನ್ನು ಹತ್ತು ಜನ ಸಿಕ್ಕರೆ ಈ ಊರಿನ ಶಾಲೆಗಳು ನೆಟ್ಟಗಾಗುತ್ತವೆ.

ಆದರೆ ಬೀರುವಿನ ಕೀಲಿ ಇನ್ನೂ ಸಿಕ್ಕಿಲ್ಲ. ಗುಮಾಸ್ತ ರಜೆಯಿಂದ ಬಂದ, ಕೀಲಿ ಬರಲಿಲ್ಲ.

ಏಪ್ರಿಲ್ 8, ಮಂಗಳವಾರ

ರಟ್ಟಿನ ಕಾರ್ಖಾನೆಯ ಹಿಂದಿನ ಶಾಲೆಗೆ ಎರಡನೇ ಭೇಟಿ. ಬಡಬಡಿ ಟೀಚರಿಗೆ ಏನೇನು ಹೇಳಬೇಕೆಂದು ಬಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ.

ಬಾಗಿಲಲ್ಲಿ ನಿಂತಿದ್ದವರು ಹೊಸ ಮೇಷ್ಟ್ರು. ನನ್ನ ಮೇಷ್ಟ್ರು! ಎಂಟಕ್ಕೆ ಸರಿಯಾಗಿ ಪಾಠ ಆರಂಭ. ಗೋಡೆಯ ತುಂಬ ಅಕ್ಷರ, ಗುಂಪು ಗುಂಪಾಗಿ ಓದು, ಕೋಲಿಲ್ಲ, ಕಿರುಚಾಟವಿಲ್ಲ. ನಾನು ಹೇಳಿಕೊಟ್ಟ ಒಂದೊಂದೂ ಅಲ್ಲಿತ್ತು. ಖುಷಿಯಿಂದ ನಮೂನೆ ತೆಗೆದು ಮೊದಲ ಸಾಲು ತುಂಬಲು ಮಕ್ಕಳನ್ನು ಎಣಿಸಿದೆ. ಮೂವತ್ತೊಂದು.

ಇನ್ನೊಮ್ಮೆ ಎಣಿಸಿದೆ. ಮೂವತ್ತೊಂದೇ. ಹಿಂದಿನ ನಾಲ್ಕು ಸಾಲು ಬೆಂಚು ಖಾಲಿ.

ಉಳಿದವರೆಲ್ಲಿ ಎಂದು ಬಿಡುವಿನಲ್ಲಿ ಕೇಳಿದೆ. ಮೇಷ್ಟ್ರ ಮುಖ ಸಣ್ಣಗಾಯಿತು. ದಿನಾ ಇಷ್ಟೇ ಬರುತ್ತಾರೆ, ಮೊದಲ ವಾರ ನಲವತ್ತು ಇತ್ತು ಎಂದರು. ಚಿಕ್ಕ ಮಕ್ಕಳನ್ನು ವಾಪಸು ಕಳಿಸುವಂತೆ ಮೇಲಿನಿಂದ ಬರೆದು ಬಂದಿತ್ತಂತೆ. ಕಳಿಸಿದರು. ಮರುದಿನದಿಂದ ಅವುಗಳ ಅಕ್ಕಂದಿರೂ ಬರಲಿಲ್ಲ. ಹಳೆಯ ಟೀಚರ್ ಎಲ್ಲಿ ಎಂದೆ. ತೆಗೆದುಹಾಕಿದರು ಎಂದರು. ಯಾಕಂತೆ ಎಂದೆ.

ಅವರು ಕೈಗಂಟಿದ ಸೀಮೆಸುಣ್ಣ ಉಜ್ಜಿಕೊಂಡರು. ಆಮೇಲೆ, "ನಿಮ್ಮ ವರದಿ ಮೇಡಂ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಎಂದರು.

ಏಪ್ರಿಲ್ 9, ಬುಧವಾರ

ಆಮೇಲಪ್ಪನ ಮೇಲೆ ಹರಿಹಾಯ್ದೆ. ಕಡತದಲ್ಲಿ ಇಡುತ್ತೇನೆ ಎಂದಿದ್ದೆಯಲ್ಲ ಎಂದೆ. ಕಡತದಲ್ಲೇ ಇತ್ತು ಮೇಡಂ, ಶಿಕ್ಷಣ ಕಚೇರಿಯವರು ಕಡತವನ್ನೇ ತರಿಸಿಕೊಂಡರು ಎಂದ. ಗುತ್ತಿಗೆ ನವೀಕರಣಕ್ಕೆ ಹದಿನೈದಕ್ಕಿಂತ ಕಡಿಮೆ ಅಂಕದವರು ಬೇಡ ಎಂದು ತೀರ್ಮಾನವಾಯಿತಂತೆ. ಇಡೀ ಊರಿನಲ್ಲಿ ಹದಿನೈದಕ್ಕಿಂತ ಕಡಿಮೆ ಬಂದದ್ದು ಒಬ್ಬರಿಗೇ.

"ಯಾರಾದ್ರೂ ಏನಾದ್ರೂ ಮಾಡಬೇಕು ಅಂತ ಮೇಜು ಗುದ್ದಿದ್ದು ನೀವೇ ಅಲ್ವಾ ಮೇಡಂ?"

ಅವನು ಎದುರುತ್ತರ ಕೊಟ್ಟದ್ದು ಇದೇ ಮೊದಲು. ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಯಾರ ಕಪಾಳ ಎಂದು ಕೇಳಿದರೆ ಹೇಳಲಾರೆ.

ಹನ್ನೊಂದಲ್ಲದೆ ಇನ್ನೆಷ್ಟು ಕೊಡಬೇಕಿತ್ತು? ತಡ ನಿಜ. ಕೋಲು ನಿಜ. ಹಲಗೆ ಖಾಲಿ ಇದ್ದದ್ದೂ ನಿಜ. ಸುಳ್ಳು ಬರೆದಿಲ್ಲ.

ಏಪ್ರಿಲ್ 11, ಶುಕ್ರವಾರ

ನಿನ್ನೆ ಪೂರ್ತಿ ಮನೆಯಲ್ಲೇ ಬಿದ್ದುಕೊಂಡಿದ್ದೆ. ಇವತ್ತು ಕಾರ್ಖಾನೆಯ ಹಿಂದಿನ ಸಾಲುಮನೆಗಳಿಗೆ ಹೋದೆ.

ಒಂದೊಂದು ಸಾಲಿಗೂ ಒಂದೇ ನಲ್ಲಿ. ಅಲ್ಲಿ ಬಿಂದಿಗೆ ಹಿಡಿದು ನಿಂತ ಹೆಂಗಸೊಬ್ಬಳನ್ನು, ಎರಡನೇ ತರಗತಿ ಮಕ್ಕಳು ಯಾಕೆ ಶಾಲೆಗೆ ಬರುತ್ತಿಲ್ಲ ಎಂದು ಕೇಳಿದೆ. ನಾನು ಯಾರು ಎಂದು ಅವಳಿಗೆ ಆಗಲೇ ಗೊತ್ತಿತ್ತು. ಬಿಂದಿಗೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. ನಾವು ಬೆಳಿಗ್ಗೆ ಐದೂವರೆಗೆ ಪಾಳಿಗೆ ಹೋಗುತ್ತೇವೆ, ಮಕ್ಕಳು ಮಲಗಿರುತ್ತವೆ, ಅವನ್ನು ಎಬ್ಬಿಸಿ, ಮುಖ ತೊಳೆಸಿ, ಬಾಗಿಲು ಹಾಕಿಸಿ ಕರೆದುಕೊಂಡು ಹೋಗುತ್ತಿದ್ದವಳು ಆ ಟೀಚರ್, ಒಂದು ಮನೆ ಬಿಡುತ್ತಿರಲಿಲ್ಲ ಎಂದಳು. ನನಗೆ ಇವತ್ತು ಜ್ವರ, ಪಾಳಿಗೆ ಹೋಗಿಲ್ಲ, ಅದಕ್ಕೇ ನಿನಗೆ ಸಿಕ್ಕಿದ್ದೇನೆ ಎಂದಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಯಾರೂ ನನ್ನನ್ನು ಹಾಗೆ ಬೈದಿಲ್ಲ. ಅರ್ಧ ಪದ ಅರ್ಥವಾಗದಿದ್ದರೂ ಪೂರ್ತಿ ತಲುಪಿತು.

ಟೀಚರಿನ ಮನೆಯನ್ನು ಅವಳೇ ಕೈ ಚಾಚಿ ತೋರಿಸಿದಳು. ಕೊನೆಯ ಸಾಲು. ಟೀಚರ್ ಒಳಗೆ ಇಸ್ತ್ರಿ ಹಾಕುತ್ತಿದ್ದರು, ಯಾರದೋ ಸಮವಸ್ತ್ರಗಳ ರಾಶಿ. ಕೂತುಕೊಳ್ಳಿ ಎನ್ನಲಿಲ್ಲ. ಹೊಸ್ತಿಲಲ್ಲಿ ನಿಂತೇ, ನನಗೆ ಗೊತ್ತಿರಲಿಲ್ಲ ಎಂದೆ.

"ಮೂರು ಗಂಟೆ ಹಿಂದಿನ ಬೆಂಚಲ್ಲಿ ಕೂತಿದ್ರಿ. ಒಂದೇ ಒಂದು ಮಾತು ಕೇಳಿದ್ರಾ?"

"ನೀವಾದ್ರೂ ಹೇಳಬಹುದಿತ್ತಲ್ಲ."

"ಪೆನ್ನು ಹಿಡ್ಕೊಂಡು ಕೂತವರಿಗೆ ಏನಂತ ಹೇಳೋದು?"

ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. ಎಂಬತ್ತನಾಲ್ಕು ಮಕ್ಕಳಿಗೆ ಹದಿನಾರು ಪುಸ್ತಕ ಬಂದಿದ್ದವಂತೆ. ಪುಸ್ತಕ ಇಲ್ಲದವರ ಬಾಯಿಗಾದರೂ ಪಾಠ ಹತ್ತಲಿ ಎಂದು ಕೂಗಿಸುತ್ತಿದ್ದೆ ಎಂದರು. ನಿಮ್ಮ ಕಾರ್ಡುಗಳ ವಿಷಯ ಕೇಳಿದ್ದೆ, ತೆಗೆದುಕೊಂಡು ಹೋಗಲು ಎರಡು ಸಲ ಬಂದೆ, ಬೀರುವಿಗೆ ಬೀಗ ಇತ್ತು ಎಂದರು. ಕೋಲಿನ ವಿಷಯ ಕೇಳಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ.

ಒಂದು ದಿನ ನನ್ನನ್ನು ಆ ಮನೆಗಳಿಗೆಲ್ಲ ಕರೆದುಕೊಂಡು ಹೋಗುತ್ತೀರಾ ಎಂದು ಕೊನೆಗೆ ಕೇಳಿದೆ. ಅವರು ಮೊದಲ ಸಲ ಮುಖ ಎತ್ತಿದರು.

"ಸೋಮವಾರ ಆರಕ್ಕೆ ಬನ್ನಿ. ಪೆನ್ನು ಮನೇಲಿ ಬಿಟ್ಟು ಬನ್ನಿ."

ಏಪ್ರಿಲ್ 12, ಶನಿವಾರ

ಸಿಟ್ಟು. ಬರೆಯಲು ಬೇರೇನೂ ಇಲ್ಲ.

ಏಪ್ರಿಲ್ 14, ಸೋಮವಾರ

ಐದು ನಿಮಿಷ ತಡವಾಗಿ ಹೋದೆ. ಟೀಚರ್ ಕೋಲು ಹಿಡಿದು ಕಾದಿದ್ದರು, ನನ್ನನ್ನು ನೋಡಿ ಹೊರಟರು.

ನಲವತ್ತಮೂರು ಬಾಗಿಲು. ಕೆಲವಕ್ಕೆ ಬೆರಳಿನಿಂದ ತಟ್ಟಬೇಕು, ಕೆಲವಕ್ಕೆ ಅಂಗೈಯಿಂದ ಬಡಿಯಬೇಕು. ಒಂದು ಮನೆಯಲ್ಲಿ ಅಜ್ಜನಿಗೆ ಕಿವಿ ಕೇಳದು, ಕಿಟಕಿಯಿಂದ ಕೈ ಹಾಕಿ ಅವನ ಭುಜ ಅಲ್ಲಾಡಿಸಿ ಬಾಗಿಲು ತೆಗೆಸಬೇಕು. ಇನ್ನೊಂದರಲ್ಲಿ ಮಗುವನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ. ಕೀಲಿ ಪಕ್ಕದ ಮನೆಯ ಹೂಕುಂಡದ ಕೆಳಗೆ. ಟೀಚರಿಗೆ ಎಲ್ಲ ಬಾಯಿಪಾಠ. ಎರಡನೇ ಸಾಲಿನ ಮೂಲೆಯಲ್ಲಿ ಆರು ನಾಯಿಗಳು ಒಟ್ಟಿಗೆ ಮೇಲೆ ಬಂದವು. ಟೀಚರ್ ಕೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದರು. ನಾಯಿಗಳು ಸರಿದವು. ಮಕ್ಕಳು ಅವರ ಬೆನ್ನಿಗಂಟಿಕೊಂಡು ದಾಟಿದರು, ನಾನೂ ಅಂಟಿಕೊಂಡೇ ದಾಟಿದೆ.

ಶಾಲೆಯ ಗೇಟಿನ ಹೊರಗೆ ಟೀಚರ್ ನಿಂತುಬಿಟ್ಟರು. ಒಳಗೆ ಬರಲು ಅವರಿಗೆ ಅಪ್ಪಣೆ ಇಲ್ಲ. ಮಕ್ಕಳು ಅವರನ್ನು ಬಿಟ್ಟು ಒಳಗೆ ಹೋಗಲೊಲ್ಲವು. ನಾನು ಒಬ್ಬೊಬ್ಬರ ಕೈ ಹಿಡಿದು ಒಳಗೆ ಬಿಟ್ಟೆ. ಐವತ್ತೆಂಟು. ಹೊಸ ಮೇಷ್ಟ್ರು ಚಿಕ್ಕವರನ್ನು ನೋಡಿ ನನ್ನ ಮುಖ ನೋಡಿದರು. ಕೂರಿಸಿಕೊಳ್ಳಿ ಎಂದೆ. ನಿಯಮ ಮೇಡಂ ಎಂದರು. ನಿಯಮ ಬರೆಸಿದವಳೇ ಹೇಳುತ್ತಿದ್ದೇನೆ, ಕೂರಿಸಿಕೊಳ್ಳಿ ಎಂದೆ. ಮೂರು ಚಿಕ್ಕವು ಅಳಲು ಶುರುಮಾಡಿದವು, ಪಾಠ ಕೇಳಿಸದಾಯಿತು. ಅವನ್ನೆಲ್ಲ ಜಗಲಿಗೆ ಕರೆದುಕೊಂಡು ಹೋಗಿ ಹನ್ನೊಂದರ ತನಕ ಕಾಯ್ದೆ.

ಸೊಂಟ ಬಿದ್ದುಹೋಗಿದೆ. ಟೀಚರ್ ಎಂಟೂ ಇಪ್ಪತ್ತೈದಕ್ಕೇ ಬಂದುಬಿಡುತ್ತಿದ್ದರಲ್ಲ! ನಾವು ಎಂಟೂ ನಲವತ್ತಕ್ಕೆ ಬಂದೆವು.

ಏಪ್ರಿಲ್ 22, ಮಂಗಳವಾರ

ಹೊಸ ವರದಿ ಬರೆದುಕೊಂಡು ಹೋದೆ. ಆಮೇಲಪ್ಪ ಮುಟ್ಟಲೇ ಇಲ್ಲ. ಒಂದೇ ಕೈಯಿಂದ ಎರಡು ವರದಿ ಬಂದರೆ ಶಿಕ್ಷಣ ಕಚೇರಿಯವರು ಎರಡನ್ನೂ ಕಸದ ಬುಟ್ಟಿಗೆ ಹಾಕುತ್ತಾರೆ ಎಂದ. ಹಾಗಾದರೆ ಮೊದಲನೆಯದು ತಪ್ಪು ಎಂದೇ ಬರೆದುಕೊಡುತ್ತೇನೆ ಎಂದೆ.

ಅವನು ಎದ್ದು ಬಾಗಿಲು ಹಾಕಿ ಬಂದು ಕೂತ. ಹಾಗೆ ಬರೆದುಕೊಟ್ಟರೆ ನಿಮ್ಮ ಹೆಸರು ಹೋಗುತ್ತದೆ, ಮುಂದೆ ಯಾವ ಊರಿನಲ್ಲೂ ಯಾವ ಸಂಸ್ಥೆಯೂ ನಿಮ್ಮನ್ನು ಕರೆಯುವುದಿಲ್ಲ, ಯೋಚನೆ ಮಾಡಿ ಎಂದ. ಆ ಮನುಷ್ಯನ ದನಿಯಲ್ಲಿ ಕಳಕಳಿ ಇತ್ತು, ಅದೇ ಇನ್ನೂ ಸಿಟ್ಟು ತರಿಸಿತು.

"ನಾಳೆ ತನಕ ಯೋಚನೆ ಮಾಡ್ತೀರಾ?" ಎಂದ.

"ಆಮೇಲೆ ನೋಡೋಣ" ಎಂದು ಅಲ್ಲೇ ಕೂತು ಬರೆದುಕೊಟ್ಟೆ.

ಏಪ್ರಿಲ್ 27, ಭಾನುವಾರ

ಇವರಿಗೆ ಫೋನ್ ಮಾಡಿದೆ. ಪಾಳಿಯ ಹೊತ್ತು, ಹದಿನಾರು ಪುಸ್ತಕ, ನಾಯಿಗಳು ಎಲ್ಲ ಹೇಳಿದೆ. ಕಾರ್ಖಾನೆಯವರಿಗೆ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಕಟ್ಟಿಸಲು ಏನು ರೋಗ, ನಮ್ಮ ಮಕ್ಕಳೇನು ಕಸವೇ ಎಂದು ಕೂಗಾಡಿದೆ. ಇವರು ಕೇಳಿಸಿಕೊಂಡು, "ನಮ್ಮ ಮಕ್ಕಳು ಅಂದ್ಯಾ?" ಎಂದರು. ಮತ್ತೇನನ್ನಬೇಕಿತ್ತು ಎಂದೆ. ಏನಿಲ್ಲ, ಹಾಗೇ ಕೇಳಿದೆ ಎಂದರು. ಒಂದೊಂದು ಸಲ ಇವರ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ.

ದಿನಾ ಬೆಳಿಗ್ಗೆ ಟೀಚರ್ ಜೊತೆ ಹೋಗುತ್ತಿದ್ದೇನೆ. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಮೊನ್ನೆ ಅವಳು ಮೂರನೇ ಸಾಲಿನ ಮಕ್ಕಳನ್ನು ನೀವೇ ಎಬ್ಬಿಸಿ ಎಂದು ನನಗೆ ಬಿಟ್ಟುಕೊಟ್ಟಳು. ಒಂದು ಬಾಗಿಲಿಗೆ ಬೆರಳಿನಿಂದ ತಟ್ಟಿದೆ. ಅದು ಅಂಗೈಯ ಬಾಗಿಲು. ಅವಳು ದೂರದಿಂದ ನೋಡುತ್ತಿದ್ದಳು, ತಿದ್ದಲಿಲ್ಲ, ನಾನು ತಿಳಿದುಕೊಳ್ಳುವ ತನಕ ಕಾದಳು. ನಮ್ಮ ತರಬೇತಿಯಲ್ಲಿ ಟೀಚರುಗಳಿಗೆ ನಾನು ಹೇಳುವುದು ಇದನ್ನೇ. ನನ್ನಿಂದ ಮಾಡಲು ಆಗಿದ್ದು ಕಡಿಮೆ.

ಮೇ 6, ಮಂಗಳವಾರ

ಶಿಕ್ಷಣ ಕಚೇರಿಗೆ ಕರೆಸಿದ್ದರು. ಉದ್ದ ಮೇಜು, ಆಚೆ ಮೂರು ಜನ. ನಡುವೆ ಕೂತ ಅಧಿಕಾರಿಣಿ ನನ್ನ ವಯಸ್ಸಿನವರೇ, ಕನ್ನಡಕದ ಮೇಲಿನಿಂದ ನೋಡುವವರು. ಟೀಚರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಆಮೇಲಪ್ಪ ನನ್ನ ಪಕ್ಕದಲ್ಲಿ ನೆಲ ನೋಡುತ್ತಾ ಕೂತಿದ್ದ.

ಮೊದಲ ವರದಿ ಸುಳ್ಳೇ ಎಂದು ಕೇಳಿದರು. ಸುಳ್ಳಲ್ಲ ಎಂದೆ. ಕಂಡದ್ದನ್ನೇ ಬರೆದೆ, ಕೇಳಬೇಕಾದ್ದನ್ನು ಕೇಳಲಿಲ್ಲ ಎಂದೆ. ಎಂಬತ್ತನಾಲ್ಕು ಮೂವತ್ತೊಂದಾದದ್ದನ್ನು ಹೇಳಿದೆ. ನಲವತ್ತಮೂರು ಬಾಗಿಲು ಹೇಳಿದೆ. ಬೀರುವಿನ ಕೀಲಿಯನ್ನೂ ಹೇಳಿದೆ, ಆಮೇಲಪ್ಪನ ಕಿವಿ ಕೆಂಪಾಯಿತು.

ಅಧಿಕಾರಿಣಿ ಎಲ್ಲ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ ಕೇಳಿದರು. "ಇದೇ ರೀತಿ ನೋಡಿ ನೀವು ಇನ್ನೂ ಇಪ್ಪತ್ತೆರಡು ವರದಿ ಕೊಟ್ಟಿದ್ದೀರಿ. ಅವನ್ನ ಏನು ಮಾಡೋಣ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಬ್ಬ ಟೀಚರಿನ ವಿಷಯ ಮಾತಾಡಿ ಬರೋಣ ಎಂದು ಹೋದವಳು. ಆ ಇಪ್ಪತ್ತೆರಡರಲ್ಲಿ ಒಳ್ಳೆಯವೂ ಇವೆ. ಹೊಸ ಮೇಷ್ಟ್ರಿಗೆ ಐವತ್ತಕ್ಕೆ ನಲವತ್ತಾರು ಕೊಟ್ಟದ್ದೂ ಅದರಲ್ಲಿದೆ. ಬೇಕಾದರೆ ಒಂದೊಂದನ್ನೂ ಸಮರ್ಥಿಸಬಹುದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಅವನ್ನೂ ಪಕ್ಕಕ್ಕಿಡಿ. ಆ ಇಪ್ಪತ್ತೆರಡು ಜನರನ್ನೂ ನಾನು ಏನೂ ಕೇಳಿಲ್ಲ."

ಹೊರಗೆ ಬಂದಾಗ ಟೀಚರ್ ಎದ್ದು ನಿಂತಳು. ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಮೇ 15, ಗುರುವಾರ

ಆದೇಶ ಬಂತು. ಓದಿ ಓದಿ ಕಣ್ಣು ಉರಿಯುತ್ತಿದೆ.

ಟೀಚರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಆದರೆ ಆ ಜಾಗ ಭರ್ತಿಯಾಗಿದೆಯಂತೆ. ಆದ್ದರಿಂದ ಊರಿನ ಇನ್ನೊಂದು ತುದಿಯ ಶಾಲೆ, ಎರಡು ಬಸ್ಸು ಬದಲಿಸಬೇಕು, ಸೋಮವಾರದಿಂದ ಹಾಜರಾಗಬೇಕು. ಕೈ ಹಿಡಿದೆತ್ತಿದ ಹಾಗೂ ಆಯಿತು, ಕಾಲು ಕಡಿದ ಹಾಗೂ ಆಯಿತು. ಹೊಸ ಮೇಷ್ಟ್ರು ತಾವೇ ಬೇರೆ ಶಾಲೆಗೆ ಹೋಗುತ್ತೇನೆ, ಟೀಚರನ್ನು ಇಲ್ಲೇ ಬಿಡಿ ಎಂದು ಅರ್ಜಿ ಕೊಟ್ಟರು. ಆದೇಶ ಆಗಿಹೋಗಿದೆ ಎಂದು ತಿರುಗಿಸಿ ಕಳಿಸಿದರು. ಅರ್ಜಿ ಕೊಟ್ಟದ್ದು ದೊಡ್ಡ ಮನಸ್ಸು. ಆ ನಲವತ್ತಾರರಲ್ಲಿ ಇದಕ್ಕೆ ಅಂಕ ಇರಲಿಲ್ಲ.

ನನಗೆ ಸಂಸ್ಥೆಯಿಂದ ಬೇರೆ ಪತ್ರ. ಪಾಠ ನೋಡುವ ಕೆಲಸ ಇನ್ನು ಇಲ್ಲ. ತರಬೇತಿಯೂ ಮುಂದಿನ ತೀರ್ಮಾನದವರೆಗೆ ಇಲ್ಲ. ಬಯಸಿದರೆ ಕೂಡಲೇ ಊರಿಗೆ ಹೋಗಬಹುದು, ಟಿಕೆಟ್ ಅವರೇ ಕೊಡುತ್ತಾರೆ. ಇಲ್ಲದಿದ್ದರೆ ಜುಲೈ ಕೊನೆಯವರೆಗೆ ಇಲ್ಲಿನ ಮನೆಯಲ್ಲೇ ಇರಬಹುದು. ಕೊನೆಗೆ ನನ್ನ ಸೇವೆಗೆ ಧನ್ಯವಾದ.

ಟೀಚರಿನ ಮನೆಗೆ ಹೋಗಿ ಅಲ್ಲೂ ಕೂಗಾಡಿದೆ. ಆ ಆದೇಶವನ್ನು ಹರಿದು ಬಿಸಾಕು ಎಂದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, ಕೂತ್ಕೊಳ್ಳಿ ಎಂದಳು. ಚಾಪೆ ಹಾಕಿದಳು. ಅವಳ ಗಂಡ ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾನೆ, ಒಳಕೋಣೆಯಲ್ಲಿ. ಅದು ನನಗೆ ಇವತ್ತು ಗೊತ್ತಾಯಿತು. ಕೆಲಸ ಬಿಡುವ ಹಾಗಿಲ್ಲ, ಹೋಗಲೇಬೇಕು ಎಂದಳು.

"ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಮೂರನೇ ಸಾಲು ನಿಮಗೆ ಬರುತ್ತೆ. ಉಳಿದದ್ದು ನಾಳೆ, ನಾಡಿದ್ದು ಹೇಳ್ಕೊಡ್ತೀನಿ."

ಮೇ 16, ಶುಕ್ರವಾರ

ಮೊದಲನೇ ಸಾಲು, ಎರಡನೇ ಸಾಲು. ಬೀಗದ ಮನೆ, ಕಿವುಡಜ್ಜನ ಮನೆ.

ಮೇ 17, ಶನಿವಾರ

ನಾಲ್ಕು, ಐದು. ಇವರಿಗೆ ಫೋನ್ ಮಾಡಿ ಜುಲೈವರೆಗೆ ಇಲ್ಲೇ ಇರುತ್ತೇನೆ ಎಂದೆ. ಯಾಕೆ ಎಂದು ಕೇಳಿದರೆ ಏನು ಹೇಳಬೇಕು ಎಂದು ಉತ್ತರ ಹೊಂದಿಸಿಕೊಂಡಿದ್ದೆ. ಇವರು ಕೇಳಲಿಲ್ಲ. ಬೆಳಿಗ್ಗೆ ಏನಾದರೂ ತಿಂದು ಹೊರಡು ಎಂದರು.

ಮೇ 19, ಸೋಮವಾರ

ಇವತ್ತು ಒಬ್ಬಳೇ. ಟೀಚರ್ ಆರಕ್ಕೆ ಮೊದಲೇ ಬಸ್ಸಿಗೆ ಹೋಗಿದ್ದಳು. ನಾಯಿಗಳಿಗೆ ಛತ್ರಿ ತೋರಿಸಿದೆ. ಎರಡು ಹೆದರಿದವು, ನಾಲ್ಕು ಹೆದರಲಿಲ್ಲ. ಒಂದು ನನ್ನ ಸೀರೆಯ ಅಂಚು ಹಿಡಿದು ಹರಿಯಿತು. ಇವತ್ತೇ ಇಷ್ಟು, ನಾಳೆಯಿಂದ ಏನೋ. ಈ ಊರಿನಲ್ಲಿ ನಾಯಿ ಹಿಡಿಯುವವರು ಎಂಬುವವರು ಇಲ್ಲವೇ? ಯಾವ ಕಚೇರಿಗೆ ಬರೆಯಬೇಕು ಎಂದು ಆಮೇಲಪ್ಪನನ್ನು ಕೇಳುತ್ತೇನೆ. ಆಮೇಲೆ ನೋಡೋಣ ಎಂದರೆ ಅವನ ಮೇಜಿನ ಮೇಲೇ ಕೂರುತ್ತೇನೆ.

ಏಳು ಬಾಗಿಲು ತೆರೆಯಲೇ ಇಲ್ಲ. ಕಿವುಡಜ್ಜ ನನ್ನನ್ನು ಕಳ್ಳಿ ಎಂದುಕೊಂಡು ಚೆಂಬು ಎಸೆದ. ಆದರೂ ಐದನೇ ಸಾಲು ಮುಗಿಸುವಾಗ ಹಿಂದೆ ನಲವತ್ತಾರು ಮಕ್ಕಳು.

ಕೊನೆಯ ಮನೆ ನಲ್ಲಿಯ ಹತ್ತಿರ ನನ್ನನ್ನು ಬೈದ ಹೆಂಗಸಿನದು. ಅವಳಿಗೆ ಈ ವಾರ ಮಧ್ಯಾಹ್ನದ ಪಾಳಿ. ಬಾಗಿಲನ್ನು ಗೇಣಷ್ಟು ತೆರೆದು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಒಳಗೆ ಹೋಗಿ ಮಗಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಹುಡುಗಿಯ ಒಂದು ಜಡೆ ಹೆಣೆದಿತ್ತು, ಇನ್ನೊಂದು ಕಡೆ ಕೂದಲು ಹಾಗೇ ಹರಡಿತ್ತು. ಎಷ್ಟು ಬೇಜವಾಬ್ದಾರಿ! ಮಗುವನ್ನು ಹೀಗೆ ಕಳಿಸುತ್ತಾರೆಯೇ?

ಗಂಟೆ ಆಗಲೇ ಹೊಡೆದಿತ್ತು. ಆದರೂ ರಸ್ತೆಯ ಪಕ್ಕ ಅವಳನ್ನು ನಿಲ್ಲಿಸಿ ಎರಡನೇ ಜಡೆ ಹೆಣೆದೆ. ನಲವತ್ತಾರು ಮಕ್ಕಳು ಸುತ್ತ ನಿಂತು ನೋಡಿದವು. ಹುಡುಗಿ ತಲೆ ಅಲ್ಲಾಡಿಸುತ್ತಲೇ ಇದ್ದಳು. ನೆಟ್ಟಗೆ ನಿಲ್ಲು ಎಂದು ಗದರಿದೆ. ಮುಗಿಸಿದ ಮೇಲೆ ಅವಳು ಜಡೆಯನ್ನು ಮುಂದೆ ಎಳೆದುಕೊಂಡು, ಬೆರಳಲ್ಲಿ ಒತ್ತಿ ನೋಡಿದಳು.

"ಟೀಚರ್ ಬಿಗಿಯಾಗಿ ಹೆಣೀತಿದ್ರು."

ಬಿಚ್ಚಿ ಮತ್ತೆ ಹೆಣೆದೆ.